ಚುಕ್ಕಿ, ಆಮೇಲೆ ‘ಕರ’

“ನಿಪ್ಪಾಣಿ ಬಿತ್ತು,” ಅಂದ ಭರತ.

ಕೋಮಲ ಅವನ ಹಿಂದೆ ನಿಂತು ಲ್ಯಾಪ್‌ಟಾಪಿನೊಳಗೆ ಬಗ್ಗಿ ನೋಡಿದಳು. ಐದು ಊರಿನ ಕಂಪ್ಯೂಟರ್ ಯಂತ್ರಗಳ ಭಾರ ತೋರಿಸುವ ಐದು ಹಸಿರು ಗೆರೆ. ಮೊದಲನೆಯದು ಸರ್ರನೆ ಏರಿ, ಮೇಲಿನ ಅಂಚು ಮುಟ್ಟಿ, ಕೆಂಪಾಗಿ, ಇಲ್ಲವಾಗಿತ್ತು.

“ಈಗ ಚಿಕ್ಕೋಡಿ ಏರಾಕತ್ತೈತಿ ನೋಡ್ರಿ ಅಕ್ಕಾರ. ಏರಿತು, ಏರಿತು… ಹೋತು. ಚಿಕ್ಕೋಡೀನೂ ಹೋತು.”

ಆಮೇಲೆ ರಾಯಬಾಗ. ಅದರ ಹಿಂದೆ ಅಥಣಿ. ಕಾಗವಾಡ ಒಂದಿಷ್ಟು ಹೊತ್ತು ಜೀವ ಹಿಡಿದುಕೊಂಡಿತ್ತು, ಕಡೆಗೆ ಅದೂ ಮಲಗಿತು. ಬಾಜೂ ಕೋಣೆಯಲ್ಲಿ ನಿಪ್ಪಾಣಿ ಯಂತ್ರದ ಫ್ಯಾನು ಮಾತ್ರ ಏನೂ ಆಗಿಲ್ಲವೆಂಬಂತೆ ಗುಂಯ್ ಅನ್ನುತ್ತಿತ್ತು.

“ದಿನಾ ಮಧ್ಯಾಹ್ನಕ್ಕ, ದಿನಾ ಇದ ಸಾಲಿನ್ಯಾಗ,” ಭರತ ತಲೆ ಕೆರೆದುಕೊಂಡ. “ನಿಪ್ಪಾಣಿಯಿಂದ ಹೊಂಟು ಕಾಗವಾಡಕ್ಕ ಮುಗೀತೈತಿ, ಬಸ್ ಹೋದಂಗ.”

ಅಥಣಿಯ ದ್ರಾಕ್ಷಿ ತೋಟದ ಮುರಗೆಪ್ಪ ಸಾವಕಾರರ ಮಗಳು ಮನೀಷಾಳ ಸಾಕರಪುಡಾ, ಅಂದರೆ ನಿಶ್ಚಯ ಕಾರ್ಯ, ಇವತ್ತು ಊಟವಾದ ಮೇಲೆ. ವರ ವಿಕ್ರಾಂತ ಮಿರಜಕರ ಅನ್ನಿಸಿಕೊಂಡವನೇ ಎರಡು ವರ್ಷದ ಹಿಂದೆ ಬೇರೆ ಹೆಸರಲ್ಲಿ ಕೋಮಲಳ ಅಕ್ಕ ಸೀಮಾಳ ಕೊರಳಿಗೆ ತಾಳಿ ಕಟ್ಟಿ ಅವಳನ್ನು ಹೊಳೆಗೆ ನೂಕಿದವನೆಂದು ಕೋಮಲಳಿಗೆ ಗೊತ್ತು, ಪುರಾವೆ ಮಾತ್ರ ಕೈಯಲ್ಲಿಲ್ಲ.

ಪುರಾವೆ ಇದ್ದರೆ ಈ ಯಂತ್ರಗಳ ಹೊಟ್ಟೆಯಲ್ಲಿರಬೇಕು. ‘ಬೀಗತನ’ ಅನ್ನುವುದು ವಧೂವರರನ್ನು ಜೋಡಿಸುವ ಕೇಂದ್ರ. ಕನ್ನಡದವರು, ಮರಾಠಿಯವರು, ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವರು, ಗಡಿಯ ಆಚೀಚೆ ಮಗನಿಗೆ ಕನ್ಯೆ ಬೇಕೆನ್ನುವ ಎಲ್ಲರೂ ಇಲ್ಲಿಗೇ ಬಯೋಡಾಟಾ ತಂದು ಸುರಿಯುತ್ತಾರೆ. ನಿಪ್ಪಾಣಿಯ ಕಚೇರಿ ಇರುವುದು ತಂಬಾಕಿನ ಗೋದಾಮಿನ ಮೇಲೆ. ಹೊಸಬರು ಮೆಟ್ಟಿಲು ಹತ್ತುವಾಗಲೇ ಸೀನುತ್ತಾರೆ, ಅದನ್ನು ಶುಭವೋ ಅಶುಭವೋ ಎಂದು ಕೆಲವರು ಮೆಟ್ಟಿಲ ಮೇಲೇ ನಿಂತು ಚರ್ಚೆ ಮಾಡುತ್ತಾರೆ. ಮದುವೆ ಅಂದರೆ ನಮ್ಮ ಜನಕ್ಕೆ ಸೀನಿಗೂ ಲೆಕ್ಕ!

ಕೋಮಲಳ ಕೆಲಸ ಚೌಕಶಿ. ಕನ್ಯೆ ಕೊಡುವ ಮೊದಲು ವರನ ಮನೆ, ಕುಡಿತ, ನಡತೆ, ಮೊದಲ ಹೆಂಡತಿ ಇದ್ದಾಳೋ ಇಲ್ಲವೋ, ಇದನ್ನೆಲ್ಲ ಸದ್ದಿಲ್ಲದೆ ವಿಚಾರಿಸಿ ಹೇಳುವುದು. ಮೊದಲೆಲ್ಲ ಈ ಕೆಲಸ ಸೋದರಮಾವಂದಿರು ಮಾಡುತ್ತಿದ್ದರು. ಈಗ ಅವರಿಗೆ ಪುರುಸೊತ್ತಿಲ್ಲ, ಆದ್ದರಿಂದ ಕೋಮಲ ಮಾಡುತ್ತಾಳೆ.

ವಿಕ್ರಾಂತನನ್ನು ದೂರದಿಂದ ಕಂಡ ಕೂಡಲೇ ಅವಳಿಗೆ ಗುರುತು ಹತ್ತಿತ್ತು. ಗಡ್ಡ ಬಿಟ್ಟಿದ್ದ, ಕನ್ನಡಕ ಹಾಕಿದ್ದ, ಆದರೂ ಅವನೇ. ಮುರಗೆಪ್ಪ ಸಾವಕಾರರಿಗೆ ಹೇಳಿದಾಗ ಅವರು ಬೈಯಲಿಲ್ಲ. ಪಾಪ ಅನ್ನುವಂತೆ ನೋಡಿ, “ತಂಗಿ, ನಿಮ್ಮಕ್ಕ ಹೋದಾಗಿಂದ ನಿಂಗ ಎಲ್ಲಾ ವರದಾಗೂ ಅಂವಾನ ಕಾಣ್ತಾನ. ಪುರಾವಾ ತಾ, ನಾ ಲಗ್ನ ಮುರೀತೀನಿ,” ಅಂದಿದ್ದರು.

ಆ ಮಾತಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಎರಡು ವರ್ಷದಿಂದ ಅವಳಿಗೆ ಏನೂ ಬರುವುದಿಲ್ಲ. ಭೋಜದ ಹತ್ತಿರ ಹೊಳೆಯಲ್ಲಿ ಹೆಣ ಸಿಕ್ಕಾಗ ಮುಖ ಗುರುತು ಹತ್ತುವಂತಿರಲಿಲ್ಲ, ಮೈಮೇಲಿನ ಸೀರೆ ನೋಡಿ ಹೌದು ಅಂದದ್ದು. ಅವತ್ತೂ ಕೋಮಲಳ ಕಣ್ಣು ಒದ್ದೆಯಾಗಲಿಲ್ಲ. ಓಣಿಯ ಹೆಂಗಸರು, “ಇಕಿ ಎದಿ ಕಲ್ಲ ಐತೇನ ಯವ್ವಾ,” ಅಂದರು. ಇರಬಹುದು ಎಂದು ಅವಳಿಗೂ ಅನ್ನಿಸಿತು. ಈಗಲೂ ಉಣ್ಣುತ್ತಾಳೆ, ರುಚಿ ಹತ್ತುವುದಿಲ್ಲ. ಮಲಗುತ್ತಾಳೆ, ನಿದ್ದೆ ಬಂದರೆ ಬಂತು.

ಮದುವೆಯ ಫೋಟೋಗಳು ಸೀಮಾಳ ಫೋನಿನಲ್ಲಿದ್ದವು, ಫೋನು ಹೊಳೆಯ ಪಾಲಾಯಿತು. ಅವನು ಕರೆತಂದ ಫೋಟೋಗ್ರಾಫರ್ ಅವನ ಹಾಗೆಯೇ ಮಾಯ. ಉಳಿದಿರಬಹುದಾದ ಅವನ ಮುಖವೆಂದರೆ ಬೀಗತನದ ಹಳೇ ಬಯೋಡಾಟಾ ಒಂದೇ. ಅವನು ಆಗ ಹೇಳಿಕೊಂಡಿದ್ದ ಹೆಸರು ರಣಜೀತ ಭೋಜಕರ. ಕೋಮಲ ಆ ಹೆಸರು ಹಾಕಿ ನೋಡಿದಾಗ ಯಾರೂ ಸಿಗಲಿಲ್ಲ. ಬೇರೆ ಬಗೆಯಲ್ಲಿ ಹುಡುಕೋಣವೆಂದರೆ ಯಂತ್ರಗಳು ದಿನಾ ಹೀಗೆ ಮಗುಚಿ ಬೀಳುತ್ತವೆ, ಎಬ್ಬಿಸಿ ಕೂರಿಸಿದರೆ ಮತ್ತೆ ಬೀಳುತ್ತವೆ.

ಯಾರೋ ಬೇಕೆಂತಲೇ ಕೆಡವುತ್ತಿದ್ದಾರೆ. ಯಾರು? ಮಾಲಕ ಸಂಗ್ರಾಮನ ಪ್ರಕಾರ ಕೊಲ್ಲಾಪುರದ ಕಡೆಯ ಪೈಪೋಟಿಯವರು. ಕೋಮಲಳ ಗುಮಾನಿ ಒಳಗಿನವರ ಮೇಲೆ. ಕೆಳಗಿನ ಮಹಡಿಯ ಕೌಂಟರಿನಲ್ಲಿ ಕೂರುವ ಗಂಗಾ ಒಬ್ಬಳು, ಯಂತ್ರ ನೋಡಿಕೊಳ್ಳುವ ಈ ಭರತ ಒಬ್ಬ. ವಿಕ್ರಾಂತ ಇಬ್ಬರಲ್ಲಿ ಒಬ್ಬರ ಕೈ ಬೆಚ್ಚಗೆ ಮಾಡಿರಬೇಕು.

“ಭರತ, ಖರೇ ಹೇಳು,” ಅಂದಳು. ಅವಳ ದನಿಯಲ್ಲಿ ಬಿಸಿಯೂ ಇಲ್ಲ, ತಂಪೂ ಇಲ್ಲ. “ನೀನ ಕೆಡವಾಕತ್ತೀ ಏನ?”

ಭರತ ತಿರುಗಿ ನೋಡಿದ. “ಅಯ್ಯ ಅಕ್ಕಾರ! ನಾ ಯಾಕ ಕೆಡವಲ್ರಿ? ದಿನಾ ಇವನ್ನ ಎಬ್ಬಿಸಿ ಕುಂದ್ರಸೋದು ನಾನ. ಮೂರು ವಾರ ಆತು ಮಧ್ಯಾಹ್ನದ ಊಟಾ ಮಾಡಿಲ್ಲ ನಾ.”

“ಹಂಗಾರ ಯಾಕ ಬೀಳ್ತಾವ? ನಂಗ ತಿಳಿಯೂಹಂಗ ಹೇಳು.”

ಅವನು ಉಸಿರು ಬಿಟ್ಟು, ಮೇಜಿನ ಮೇಲಿದ್ದ ದಪ್ಪ ಶಬ್ದಕೋಶ ಎಳೆದುಕೊಂಡ. ಕನ್ನಡ–ಮರಾಠಿ ಅಕ್ಷರ ಹೊಂದಿಸಲು ಇಟ್ಟುಕೊಂಡದ್ದು.

“ನೋಡ್ರಿ, ಬಯೋಡಾಟಾ ಎಲ್ಲಾ ಐದ ಪಾಲ ಮಾಡಿ ಐದ ಊರಾಗ ಇಟ್ಟೀವಿ. ಒಂದ ಊರಿಗೆ ಯಾರರ ಹುಡುಕ್ರೆಪಾ ಅಂದ್ರ, ಅದು ಉಳದ ನಾಲ್ಕೂ ಊರಿಗೆ ಕೇಳತೈತಿ. ಅವು ತಮ್ಮ ಪಾಲಿನ್ಯಾಗ ನೋಡಿ ಉತ್ತರಾ ಕಳಸ್ತಾವ. ಕೇಳಿದ ಯಂತ್ರ ಎಲ್ಲಾ ಕೂಡಿಸಿ, ಸಾಲ ಹಚ್ಚಿ, ತೋರಸತೈತಿ. ಇದನ್ನೆಲ್ಲಾ ಅದು ನೆನಪಿನ್ಯಾಗ ಹಿಡಕೊಂಡ ಮಾಡಬೇಕು.”

“ಹೂಂ.”

“ನೀವು ‘ಮುರಗೆಪ್ಪ’ ಅಂದ್ರ ಸೀದಾ ‘ಮು’ ಪುಟಾ ತಗದ ನೋಡತೈತಿ. ಹಗೂರ ಕೆಲಸ. ಯಾರರ ಒಬ್ರು ಇಡೀ ಪುಸ್ತಕಾನ ಓದಸೂವಂಥಾ ಪ್ರಶ್ನೆ ಕೇಳಿದ್ರ? ಸಾವಿರಾರ ಜನ, ಅವರ ಫೋಟೋ ಸುದ್ದಾ, ಎಲ್ಲಾ ಒಮ್ಮೆ ತಲಿಯೊಳಗ ತುಂಬಕೋತೈತಿ. ತಡೀಲಾರದ ಬೀಳತೈತಿ. ಬಿದ್ದ ಕೂಡಲೆ ಸ್ಕ್ರೀನ್ ಸುಮ್ನ ಕುಂಡ್ರಂಗಿಲ್ಲ, ಅದ ಪ್ರಶ್ನೆ ಮುಂದಿನ ಊರಿಗೆ ಒಯ್ದ ಕೇಳತೈತಿ. ಬಿದ್ದ ಊರಿನ ಭಾರಾನೂ ಅದರ ಮ್ಯಾಲ. ಅದೂ ಬೀಳತೈತಿ.”

“ಅಂದ್ರ ಐದನ್ನೂ ಕೆಡವಾಕ ಒಬ್ರು, ಒಮ್ಮೆ ಕೇಳಿದ್ರ ಸಾಕು.”

“ಸಾಕ್ರಿ.”

“ಯಾರ ಏನ ಕೇಳಿದ್ರು ಅಂತ ಬರದ ಇಡಂಗಿಲ್ಲೇನ?”

“ಇಡತೈತ್ರಿ. ನಾ ದಿನಾ ನೋಡೇನಿ. ಭಾರೀದ ಏನೂ ಇಲ್ಲ ಅದರಾಗ.”

ಕೋಮಲ ಲ್ಯಾಪ್‌ಟಾಪಿಗೆ ಇನ್ನಷ್ಟು ಬಗ್ಗಿದಳು. “ಯಾವಾಗ ಬರೀತೈತಿ? ಕೇಳಿದಾಗೋ, ಉತ್ತರಾ ಕೊಟ್ಟ ಮ್ಯಾಲೋ?”

ಭರತ ಹಣೆ ಹಣೆ ಬಡಿದುಕೊಂಡ. “ಉತ್ತರಾ ಕೊಟ್ಟ ಮ್ಯಾಲ್ರಿ! ಕೆಡವಿದ ಪ್ರಶ್ನೆಗೆ ಉತ್ತರ ಎಲ್ಲೈತಿ? ಅದು ಎಂದೂ ಮುಗಿದಿಲ್ಲ, ಹಂಗಾಗಿ ಎಂದೂ ಬರದಿಲ್ಲ! ಥೂ ನನ್ನ!”

ನಮ್ಮ ಭರತ ಒಳ್ಳೇ ಹುಡುಗ, ಕೆಲಸವೂ ಬರುತ್ತದೆ, ಆದರೆ ಕಳ್ಳ ಬಂದು ಸಹಿ ಮಾಡಿ ಹೋಗುತ್ತಾನೆಂದು ನಂಬಿ ಮೂರು ವಾರ ಕೂತಿದ್ದ. ಅವನ ಬೆರಳು ಕೀಲಿಮಣೆಯ ಮೇಲೆ ಓಡಿತು. ಇನ್ನು ಮೇಲೆ ಪ್ರಶ್ನೆ ಬಾಗಿಲಿಗೆ ಬಂದ ಗಳಿಗೆಯಲ್ಲೇ ಅವನ ಲ್ಯಾಪ್‌ಟಾಪಿಗೆ ಸುದ್ದಿ ಬರಬೇಕು, ಹಾಗೆ ಮಾಡಿದ. ನಂತರ ಯಂತ್ರಗಳನ್ನು ಒಂದೊಂದಾಗಿ ಎಬ್ಬಿಸಿದ. ಗೆರೆಗಳು ಹಸಿರಾದವು.

ಇಬ್ಬರೂ ಕಾದರು. ಕೆಳಗೆ ಗೋದಾಮಿನಲ್ಲಿ ಯಾರೋ ಮೂಟೆ ಇಳಿಸುತ್ತ ಮರಾಠಿಯಲ್ಲಿ ಬೈದಾಡುತ್ತಿದ್ದರು.

“ಬಂತು!” ಭರತ ಪಿಸುಗುಟ್ಟಿದ. ನಿಪ್ಪಾಣಿಯ ಗೆರೆ ಏರತೊಡಗಿತು. ಅವನು ಸಾಲು ಓದಿದ, ಮತ್ತೆ ಓದಿದ. “ಇದೇನ್ರಿ ಇದು? ಒಂದ ಚುಕ್ಕಿ. ಆಮ್ಯಾಲ ‘ಕರ’. ಅಷ್ಟ.”

“ಚುಕ್ಕಿ ಅಂದ್ರ?”

“ಚುಕ್ಕಿ ಅಂದ್ರ, ಮುಂದಿಂದು ಏನರ ಇರಲಿ ಅಂತ ಅರ್ಥ. ಹೆಸರಿನ ಕಡೀಕ ‘ಕರ’ ಇದ್ದಾವರನ್ನೆಲ್ಲಾ ತೋರಸು ಅಂದಾರ. ಅಯ್ಯ ನಮ್ಮಪ್ಪಾ! ಮಿರಜಕರ, ಕಾಗಲಕರ, ಸಾಂಗಲೀಕರ, ಅಕ್ಕೋಳಕರ… ಈ ಗಡಿಯಾಗ ಯಾವ ಊರಿಗೆ ‘ಕರ’ ಹತ್ತಂಗಿಲ್ರಿ? ಅರ್ಧ ಪುಸ್ತಕಾನ ಕೇಳಿದಂಗಾತು. ಅದೂ ಹೆಸರಿನ ಬಾಲಾ ಹಿಡದು ಕೇಳ್ಯಾರ, ಎಲ್ಲಾ ಪುಟಾ ತಿರುವಬೇಕು ಅದು.” ಅವನು ತಟ್ಟನೆ ಕೈ ಚಾಚಿ ಆ ಹುಡುಕಾಟವನ್ನು ಕತ್ತರಿಸಿದ. ಗೆರೆ ಇಳಿಯಿತು.

“ಯಾವ ಸ್ಕ್ರೀನು?”

“ಕೆಳಗಿಂದು. ನಮ್ಮ ಕೌಂಟರಿಂದು.”

ಕೋಮಲ ಮೆಟ್ಟಿಲಿಳಿದಳು. ಓಡಲಿಲ್ಲ. ಗಂಗಾಳನ್ನು ಹಿಡಿಯುವುದು, ಯಾರು ಹೇಳಿಕೊಟ್ಟರೆಂದು ಕೇಳುವುದು, ಬಾಯಿ ಬಿಡದಿದ್ದರೆ ಸಂಗ್ರಾಮನಿಗೆ ಫೋನು. ಎಲ್ಲ ತಲೆಯಲ್ಲಿ ಸಾಲಾಗಿ ಕೂತಿತ್ತು.

ಗಂಗಾ ಕೌಂಟರಿನ ಹಿಂದೆ ಡಬ್ಬಿ ಬಿಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದಳು. ಅವಳ ಎರಡೂ ಕೈ ಪಲ್ಯದಲ್ಲಿ. ತಂದೆತಾಯಿಗಳು ಕೂತು ನೋಡಲೆಂದು ಇಟ್ಟಿದ್ದ ಸ್ಕ್ರೀನಿನ ಮುಂದೆ ಒಬ್ಬ ಮುದುಕಿ, ಸೆರಗು ತಲೆ ಮೇಲೆ ಹೊದ್ದು, ಒಂದೇ ಬೆರಳು ಮುಂದೆ ಮಾಡಿಕೊಂಡು, ತಿರುಗುತ್ತಿದ್ದ ಸಣ್ಣ ಚಕ್ರವನ್ನೇ ನೋಡುತ್ತ ಕೂತಿದ್ದಳು.

ಅದು ಕೋಮಲಳ ಅವ್ವ, ಕಸ್ತೂರೆವ್ವ.

ಹತ್ತಿರದ ಅಕ್ಕೋಳದ ಮನೆಯಲ್ಲಿ ಇರಬೇಕಾದವಳು. ದಿನಾ ಮಧ್ಯಾಹ್ನ ಗುಡಿಗೆ ಹೋಗುತ್ತೇನೆಂದು ಹೇಳುವವಳು.

“ಅವ್ವಾ.”

ಕಸ್ತೂರೆವ್ವ ಬೆಚ್ಚಿ ಬೀಳಲಿಲ್ಲ. ತಿರುಗಿ ನೋಡಿ, “ಬಂದಿ? ಈ ಡಬ್ಬಿ ಇವತ್ತೂ ನಡದಿಲ್ಲ ನೋಡು,” ಅಂದಳು. “ತಿರಗತೈತಿ, ತಿರಗತೈತಿ, ಆಮ್ಯಾಲ ಎಲ್ಲಾ ಬೆಳ್ಳಗಾಗಿ ಬಿಡತೈತಿ.”

“ನೀ ಇಲ್ಲಿ ಏನ ಮಾಡಾಕತ್ತಿ?”

“ನಿನಗ ಕಾಣವಲ್ದೇನ? ಹುಡುಕಾಕತ್ತೀನಿ.”

“ಯಾರನ್ನ?”

“ನನ್ನ ಮಗಳನ್ನ ತಿಂದಾವನ್ನ.” ಕಸ್ತೂರೆವ್ವ ಸೆರಗು ಸರಿಮಾಡಿಕೊಂಡಳು. “ಮತ್ಯಾರನ್ನ ಹುಡುಕಲೆ ಬೇ ನಾ?”

ಗಂಗಾ ರೊಟ್ಟಿ ಕೆಳಗಿಟ್ಟಳು. “ಅಕ್ಕಾರ, ಅಮ್ಮಾರು ಪಾಪ ದಿನಾ ಬರ್ತಾರ್ರಿ. ನಿಮ್ಮ ತಾಯಾರಂತ ನಂಗ ಗೊತ್ತ ಇಲ್ಲ. ಹೆಸರ ಪೂರಾ ಗೊತ್ತಿಲ್ಲ ಅಂದ್ರು, ಗೊತ್ತಿಲ್ಲದ ಕಡೆ ಚುಕ್ಕಿ ಒತ್ರಿ ಅಂತ ಹೇಳಿಕೊಟ್ಟಿದ್ದೆ…”

ಕೋಮಲ ಅವ್ವನ ಎದುರಿನ ಕುರ್ಚಿಯಲ್ಲಿ ಕೂತಳು. ಮೂರು ವಾರದಿಂದ ಅವಳು ಬೆನ್ನು ಹತ್ತಿದ್ದ ಕಳ್ಳಿ ಇವಳು. ಐದು ಊರಿನ ಯಂತ್ರಗಳನ್ನು ದಿನಾ ಮಗುಚುತ್ತಿದ್ದ ಬೆರಳು ಇದೇ. ನಗು ಬರಬಹುದಿತ್ತು, ಇಲ್ಲ ಅಳು. ಅವಳು ಕೈ ಮಡಿಲಲ್ಲಿಟ್ಟುಕೊಂಡು ಕಾದಳು, ಎರಡೂ ಬರಲಿಲ್ಲ.

“ನಾ ಹುಡುಕಾಕತ್ತೇನಿ ಅಂತ ನಿಂಗ ಗೊತ್ತಿತ್ತಲ್ಲ ಅವ್ವಾ. ನೀ ಹಿಂಗ ಮಾಡಿದ್ದಕ್ಕ ನಂಗ ಹುಡುಕಾಕ ಆಗಲಿಲ್ಲ. ಒಂದ ಮಾತ ಹೇಳಬಾರ್ದೇನ?”

“ನಿನಗ ಹೇಳೋದಾ?” ಕಸ್ತೂರೆವ್ವನ ದನಿ ಈಗ ಏರಿತು. “ನಿನಗ ಏನ ಹೇಳ್ಲಿ? ಮನ್ಯಾಗ ಅಕ್ಕನ ಹೆಸರ ತಗದ್ರ ಎದ್ದ ಹೊರಗ ಹೋಗ್ತಿ. ಅಕಿ ಹೆಣಾ ಮುಂದಿದ್ರೂ ಅಳಲಿಲ್ಲ ನೀನು. ಊರವ್ರ ಹೆಣ್ಣಮಕ್ಕಳ ಚೌಕಶಿ ಮಾಡ್ಕೋತ ತಿರಗತಿ, ಇದ್ದೊಬ್ಬ ಅಕ್ಕನ ಗಂಡನ ಚೌಕಶಿ ನಿನ್ನ ಕೈಲೆ ಆಗಲಿಲ್ಲ!”

ಗಂಗಾ ಡಬ್ಬಿ ಎತ್ತಿಕೊಂಡು ಹಿಂದಿನ ಕೋಣೆಗೆ ಹೋದಳು.

ಮಾತು ಖರೇ ಇತ್ತು, ಆದ್ದರಿಂದ ಕೋಮಲ ಎದುರಾಡಲಿಲ್ಲ. ಮಾತು ಎಲ್ಲೋ ಒಳಗೆ ಬಿದ್ದ ಸಪ್ಪಳ ಕೇಳಿಸಿತು, ನೋವು ಹತ್ತಲಿಲ್ಲ. ಹಲ್ಲು ಕೀಳಿಸಿಕೊಂಡ ದಿನ ದವಡೆ ಮುಟ್ಟಿ ನೋಡಿಕೊಂಡಂತಿತ್ತು.

“ಅಳಾಕ ಬರವಲ್ದವ್ವಾ ನಂಗ,” ಅಂದಳು. “ನಾ ಏನ ಮಾಡ್ಲಿ?”

ಕಸ್ತೂರೆವ್ವ ಮಗಳ ಮುಖ ನೋಡಿದಳು. ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡಳು.

“‘ಕರ’ ಯಾಕ?” ಕೋಮಲ ಕೇಳಿದಳು. “ಹೆಸರ ರಣಜೀತ ಅಂತ ಗೊತ್ತಿತ್ತಲ್ಲ ನಿಂಗ.”

“ರಣಜೀತ ಅನ್ನೂದೂ ಸುಳ್ಳ, ಭೋಜಾನೂ ಸುಳ್ಳ. ಭೋಜದಾಗ ಅಂವನ ಹೆಸರ ಒಂದ ನಾಯೀಗೂ ಗೊತ್ತಿಲ್ಲ. ಆದ್ರ ‘ಕರ’ ಬಿಡಂಗಿಲ್ಲ ಅಂವಾ. ಆ ಕಡೀ ಜನ ಅಡ್ಡಹೆಸರ ಕೇಳೇ ನೀರ ಕೊಡ್ತಾರ. ಊರ ಯಾವುದರ ಹೇಳಲಿ, ಹಿಂದ ‘ಕರ’ ಹಚ್ಚಲೇಬೇಕು. ಅದಕ್ಕ ಎಲ್ಲಾ ‘ಕರ’ಗಳ ಮಾರಿ ಒಂದೊಂದ ನೋಡ್ತೀನಿ ಅಂತ ಕುಂತೆ. ಒಂದ ದಿನಾನೂ ಒಂದ ಮಾರಿ ತೋರಸಲಿಲ್ಲ ಈ ಡಬ್ಬಿ.”

ಕೋಮಲ ಎದ್ದಳು. ರಣಜೀತ ಹೋಗಿ ವಿಕ್ರಾಂತ ಬಂದಿದ್ದ, ಭೋಜ ಹೋಗಿ ಮಿರಜ ಬಂದಿತ್ತು. ‘ಕರ’ ಮಾತ್ರ ಅಲ್ಲೇ ಇತ್ತು. ತಾನು ಹೆಸರಿನ ತಲೆ ಹಿಡಿದು ಹುಡುಕಿದ್ದಳು, ಅವ್ವ ಬಾಲ ಹಿಡಿದಿದ್ದಳು. ಅವ್ವನದೇ ಸರಿ.

“ಬಾ ಮ್ಯಾಲೆ,” ಅಂದಳು.

ಮೇಲೆ ಭರತ ಎಲ್ಲ ಕೇಳಿಸಿಕೊಂಡು ಕಸ್ತೂರೆವ್ವನಿಗೆ ಮೊದಲು ಕುರ್ಚಿ ಕೊಟ್ಟ, ಆಮೇಲೆ ನೀರು ಕೊಟ್ಟ, ಆಮೇಲೆ “ಅಮ್ಮಾರ, ನಿಮ್ಮ ಕಾಲ ಮುಗೀತೀನಿ, ನಾಳಿಂದ ಇದೊಂದ ಮಾಡಬ್ಯಾಡ್ರಿ,” ಅಂದ. ಅಷ್ಟಕ್ಕೇ ನಿಲ್ಲಿಸದೆ, ನಿಪ್ಪಾಣಿಯ ಕೌಂಟರಿನಿಂದ ಮುಂದೆ ಚುಕ್ಕಿ ಇದ್ದ ಪ್ರಶ್ನೆ ಒಳಗೆ ಬರದಂತೆ ಅಗಳಿಯನ್ನೂ ಹಾಕಿದ. “ಉಳದ ಊರಿಂದು ಆಮ್ಯಾಲ ಮಾಡ್ತೀನಿ.”

“ಈಗ ಹುಡುಕಾಕ ಬರತೈತೇನ?”

“ಬರತೈತ್ರಿ. ಇಡೀ ತಾಟಿನ ಅನ್ನಾ ಒಮ್ಮೆ ಬಾಯಿಗೆ ಸುರುವಿದ್ರ ಯಾರ ಉಣ್ಣಾಕಾಗತೈತಿ? ತುತ್ತು ಮಾಡಿ ಕೊಡಬೇಕು.” ಅವನು ಕೆಲಸಕ್ಕಿಳಿದ. ಒಂದು ಊರಿನ ಯಂತ್ರಕ್ಕೆ ಮಾತ್ರ ಕೇಳು. ಒಂದು ಅಕ್ಷರದಿಂದ ಶುರುವಾಗುವ ಹೆಸರು ಮಾತ್ರ ಕೇಳು. ಫೋಟೋ ಬೇಡ. ಗಂಡಸರು ಮಾತ್ರ. ಈಗ ಬಳಕೆಯಲ್ಲಿಲ್ಲದ ಹಳೇ ಬಯೋಡಾಟಾ ಮಾತ್ರ. ಉಳಿದವರ ಫೋಟೋ ಕಡೆಗೆ ತೆಗೆದರಾಯಿತು.

ಗೆರೆಗಳು ತುಸು ಏರಿ, ತುಸು ಇಳಿದು, ನಿಂತೇ ಇದ್ದವು. ಭರತ ಮುಖಗಳನ್ನು ಒಂದೊಂದಾಗಿ ಸರಿಸಿದ. ಕಸ್ತೂರೆವ್ವ ಕನ್ನಡಕ ಏರಿಸಿಕೊಂಡು, ಸಂತೆಯಲ್ಲಿ ಬದನೆಕಾಯಿ ಆರಿಸುವವಳ ಹಾಗೆ, “ಅಲ್ಲ. ಇದೂ ಅಲ್ಲ. ಇದು ಮುದಕ. ಇಂವಾ ಪಾಪ ಛಲೋ ಹುಡುಗ, ಇಂವಂಗ ಯಾಕ ಕನ್ಯಾ ಸಿಗಲಿಲ್ಲೋ,” ಅನ್ನುತ್ತ ಹೋದಳು.

ರಾಯಬಾಗದ ಪಾಲಿನಲ್ಲಿ ಅವಳ ಬೆರಳು ನಿಂತಿತು.

ಹೆಸರು ಅಭಿಜೀತ ಕಾಗಲಕರ. ಮೊದಲ ಲಗ್ನ. ಗಡ್ಡವಿಲ್ಲದ ಮುಖ, ಎಡಕ್ಕೆ ಬಾಗಿದ ನಗೆ. ಅದು ವಿಕ್ರಾಂತ. ಅದು ರಣಜೀತ.

“ಇಂವಾನ,” ಅಂದಳು ಕಸ್ತೂರೆವ್ವ. “ಕೋಮ್ಲಾ, ಹಿಂದ ನೋಡು.”

ಅವನ ಬೆನ್ನಿಗೆ ಅಕ್ಕೋಳದ ಅವರ ಮನೆಯ ನೀಲಿ ಬಾಗಿಲಿತ್ತು. ಬಾಗಿಲಿಗೆ ಮದುವೆಯ ಮಾವಿನೆಲೆ ಕಟ್ಟಿತ್ತು. ಪಕ್ಕದಲ್ಲಿ ನಿಂತವಳನ್ನು ಕತ್ತರಿಸಿ ತೆಗೆದಿದ್ದ, ಆದರೆ ಅವನ ಹೆಗಲ ಮೇಲೆ ನಾಲ್ಕು ಬೆರಳು, ಮದರಂಗಿ, ಒಂದಿಷ್ಟು ಹಸಿರು ಬಳೆ ಉಳಿದುಬಿಟ್ಟಿದ್ದವು. ಸೀಮಾಳ ಜೊತೆ ನಿಂತು ತೆಗೆಸಿಕೊಂಡ ಫೋಟೋವನ್ನೇ ಇನ್ನೊಬ್ಬಳನ್ನು ಹುಡುಕಲು ಕೊಟ್ಟಿದ್ದ. ಎಂಥಾ ಹಲ್ಕಟ್ ಇರಬೇಕು ನೋಡಿ!

ಕಸ್ತೂರೆವ್ವ ಸ್ಕ್ರೀನಿನ ಮೇಲೆ ಕೈಯಿಟ್ಟು ಆ ಬೆರಳುಗಳನ್ನು ಸವರಿದಳು. ಭರತ ಬೇರೆ ಕಡೆ ನೋಡಿದ.

ಕೋಮಲ ಫೋನು ತೆಗೆದು ಅದರ ಚಿತ್ರ ಹಿಡಿದಳು. ಒಂದೇ ಮುಖ, ಬೇರೆ ಬೇರೆ ಹೆಸರು, ಹಿಂದೆ ಅವರದೇ ಮನೆ. ಮುರಗೆಪ್ಪ ಸಾವಕಾರರು ಕೇಳಿದ್ದು ಇದನ್ನೇ. ಇಲ್ಲಿಂದ ಅಥಣಿ ಮುಟ್ಟುವಷ್ಟರಲ್ಲಿ ಸಾಕರಪುಡಾ ಮುಗಿದು ಬೀಗರು ಎಲೆ ಅಡಿಕೆ ಹಾಕಿಕೊಳ್ಳುತ್ತಿರುತ್ತಾರೆ, ಆದ್ದರಿಂದ ಫೋಟೋ ಕಳಿಸುವುದೇ ಸರಿ. ವಾಟ್ಸಾಪಿನಲ್ಲಿ ಸಾವಕಾರರ ಹೆಸರು ಹುಡುಕಿದಳು.

“ಅಯ್ಯೋ!” ಭರತ ಕೂಗಿದ. “ಮತ್ತ ಏರಾಕತ್ತೈತಿ!”

ಗೆರೆ ಏರುತ್ತಿತ್ತು. ಈ ಸಲ ನಿಪ್ಪಾಣಿಯದಲ್ಲ, ಅಥಣಿಯದು. ಏರಿತು, ಬಿತ್ತು. ಕಾಗವಾಡ ಏರತೊಡಗಿತು.

ಇಬ್ಬರೂ ಕಸ್ತೂರೆವ್ವನ ಕೈ ನೋಡಿದರು. ಎರಡೂ ಕೈ ಸೆರಗಿನ ತುದಿಯಲ್ಲಿದ್ದವು, ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು.

“ನಾ ಏನೂ ಮುಟ್ಟಿಲ್ಲಪಾ,” ಅಂದಳು.

“ಕೌಂಟರ್ ಅಲ್ಲ, ಯಾರದೋ ಮೊಬೈಲು. ಮುಂದೂ ಚುಕ್ಕಿ, ಹಿಂದೂ ಚುಕ್ಕಿ…” ಭರತ ಸಾಲು ಓದಿದ. ಆಮೇಲೆ ತಲೆ ಎತ್ತಿ ಕೋಮಲಳನ್ನು ನೋಡಿದ. “ಅಕ್ಕಾರ. ನಡುವ ‘ಸೀಮಾ’ ಅಂತ ಐತಿ.”

“ಯಾರ ಮೊಬೈಲು?”

“ಮನೀಷಾ. ಅಪ್ಪನ ಹೆಸರ ಮುರಗೆಪ್ಪ. ಅಥಣಿ.”

ಕೋಮಲ ಸಾವಕಾರರಿಗೆ ಫೋಟೋ ಕಳಿಸುವುದನ್ನು ಅಲ್ಲಿಗೇ ಬಿಟ್ಟು ಮನೀಷಾಳಿಗೆ ಫೋನು ಹಚ್ಚಿದಳು. ಭರತನಿಗೂ ಕೇಳಲೆಂದು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ಮದುವೆಮನೆಯ ಗದ್ದಲ, ಪಾತ್ರೆ ಸಪ್ಪಳ, ಆಮೇಲೆ ಬಾಗಿಲು ಹಾಕಿಕೊಂಡ ಸದ್ದು.

“ಅಕ್ಕಾರ, ನಾನ ನಿಮಗ ಹಚ್ಚಾವಳಿದ್ದೆ,” ಮನೀಷಾ ಸಣ್ಣ ದನಿಯಲ್ಲಿ ಅಂದಳು. “ಅಪ್ಪ ಬೈತಾನಂತ ಅಂಜಿ ಬಿಟ್ಟೆ.”

“ನೀ ಈಗ ಯಾರನ್ನ ಹುಡುಕಾಕತ್ತೀದಿ?”

“ವಿಕ್ರಾಂತ ಅವರ ಅಕ್ಕನ್ನ್ರಿ. ಉಡಿ ತುಂಬಾಕ ಅಂತ ಬಂದಾರ. ಅವರ ಬಯೋಡಾಟಾದಾಗ ಅಕ್ಕ ಅಂತ ಯಾರೂ ಇರಲಿಲ್ಲ. ಎಲ್ಲಾರ ಮುಂದ ಸುಮನಕ್ಕ, ಸುಮನಕ್ಕ ಅಂತಾರ. ಈಗ ಹಿತ್ತಲದಾಗ ಇಬ್ರ ಮಾತಾಡಾಕತ್ತಿದ್ರು, ನಾ ನೀರ ತರಾಕ ಹೋಗಿದ್ದೆ. ಅಲ್ಲಿ ವಿಕ್ರಾಂತ ಅವರು ಅಕಿಗೆ ‘ಸೀಮಾ’ ಅಂದ್ರು.” ಅವಳು ದನಿ ಇನ್ನೂ ತಗ್ಗಿಸಿದಳು. “ಅಕ್ಕನ್ನ ಯಾರರ ಹೆಸರ ಹಿಡದ ಕರೀತಾರೇನ್ರಿ?”

ಲ್ಯಾಪ್‌ಟಾಪಿನಲ್ಲಿ ಕಾಗವಾಡವೂ ಬಿತ್ತು. ಭರತ ಅತ್ತ ನೋಡಲಿಲ್ಲ.

“ಹೆಂಡ್ತಿ ಇರಬೇಕು ಅನಸ್ತೈತ್ರಿ ನಂಗ,” ಮನೀಷಾ ಅಂದಳು. “ಅಕ್ಕಾರ, ಒಂದ ಮಾತ ಕೇಳ್ಲಿ? ತೀರಿಹೋದ ನಿಮ್ಮಕ್ಕನ ಹೆಸರ ಏನ್ರಿ? ಅಪ್ಪ ನಂಗ ಹೇಳಿಲ್ಲ.”

ಕೋಮಲ ಉತ್ತರ ಕೊಡುವ ಮೊದಲೇ ಆ ಕಡೆ ಬಾಗಿಲು ಬಡಿದ ಸದ್ದಾಯಿತು. ಬಾಗಿಲಾಚೆಯಿಂದ ಒಂದು ಹೆಣ್ಣುದನಿ, ತುಸು ಒಡೆದದ್ದು, ಕಡೆಯ ಅಕ್ಷರ ಎಳೆಯುವಂಥದ್ದು: “ಮನೀಷಾ, ಒಳಗ ಯಾರ ಜೋಡಿ ಮಾತಾಡಾಕತ್ತಿ ಬೇ? ಲಗೂ ಬಾ, ಎಲ್ಲಾರೂ ಕಾಯಾಕತ್ತಾರ.”

ಎರಡು ವರ್ಷದಿಂದ ಕೇಳದ ಆ ದನಿ ಕೋಮಲಳ ಮೈಯೊಳಗೆ ಹೊಕ್ಕಿತು. ಕಿವಿ ಬಿಸಿಯಾಯಿತು. ಸಂತೋಷವೋ, ಹೆದರಿಕೆಯೋ, ಸಿಟ್ಟೋ, ಎಲ್ಲ ಒಟ್ಟಿಗೆ ಬಂದು ಯಾವುದೂ ತಿಳಿಯಲಿಲ್ಲ. ಅಕ್ಕ ಬದುಕಿದ್ದಾಳೆ. ಬದುಕಿ, ಅವನ ಪಕ್ಕದಲ್ಲಿ ನಿಂತು, ಇನ್ನೊಂದು ಹುಡುಗಿಯ ಉಡಿ ತುಂಬಲು ಬಂದಿದ್ದಾಳೆ. ಹಾಗಾದರೆ ತಾವು ಸುಟ್ಟದ್ದು ಯಾರನ್ನು?

ಕೋಮಲ ಕಣ್ಣು ಒರೆಸಿಕೊಂಡಳು. ಒದ್ದೆಯಾಗಿತ್ತು. ಫೋನು ಎತ್ತಿಕೊಂಡು ಸಾವಕಾರರ ಹೆಸರು ತೆಗೆದಳು, ಫೋಟೋ ಆರಿಸಿದಳು. ಒಂದು ಸಲ ಒತ್ತಿದರೆ ಮನೀಷಾ ಉಳಿಯುತ್ತಾಳೆ. ಆಮೇಲೆ ಪೊಲೀಸರು ಬರುತ್ತಾರೆ, ಅವನನ್ನೂ ಹಿಡಿಯುತ್ತಾರೆ, ಜೊತೆಗಿದ್ದವಳನ್ನೂ.

ಮಣಿಕಟ್ಟಿನ ಮೇಲೆ ಒಂದು ಕೈ ಬಿದ್ದು ಬಿಗಿಯಾಗಿ ಹಿಡಿಯಿತು. ಕಸ್ತೂರೆವ್ವ ಕುರ್ಚಿಯಿಂದ ಜಾರಿ ನೆಲಕ್ಕೆ ಮಂಡಿಯೂರಿದ್ದಳು.

“ಕಳಸಬ್ಯಾಡ,” ಅಂದಳು. “ನನ್ನ ಮಗಳು ಜೀವಂತ ಅದಾಳ. ಕಳಸಬ್ಯಾಡ ಬೇ, ನಿನ್ನ ಕಾಲಿಗೆ ಬೀಳ್ತೀನಿ.”

“ಅಕ್ಕಾರ?” ಫೋನಿನಿಂದ ಮನೀಷಾಳ ದನಿ ಬಂತು. “ಚಿಲಕಾ ಬಡ್ಯಾಕತ್ತಾರ. ನಾ ಹೋಗ್ಲೋ, ಬ್ಯಾಡೋ? ಲಗೂ ಹೇಳ್ರಿ.”